ಇನ್ನಾಸಿ ಬಾಲಯೇಸುವಿನ ಹತ್ತಿರ ಕೇಳಿದ್ದು

ಹೆಬ್ಬಾಳ ಎಂದರೆ ಕೆರೆ ಏರಿ ಎಂದೇ ಜನ ತಿಳಿದಿದ್ದ ಕಾಲ ಅದು. ಬಳ್ಳಾರಿ ರಸ್ತೆಯಲ್ಲಿ ಬಸ್ಸು ಬಂದು ನಿಂತರೆ ಅದೇ ಒಂದು ಸುದ್ದಿ. ಯಾರು ಇಳಿದರು, ಯಾರು ಹತ್ತಿದರು ಎಂಬುದು ಸಂಜೆಯೊಳಗೆ ಎಲ್ಲ ಮನೆಗಳಿಗೂ ಗೊತ್ತಾಗಿರುತ್ತಿತ್ತು. ಡಿಸೆಂಬರಿನ ಬೆಳಗಿನಲ್ಲಿ ಬಾಯಿ ತೆರೆದರೆ ಹೊಗೆ ಬರುತ್ತಿತ್ತು. ನಾವು ಮಕ್ಕಳು ಬೆರಳ ಸಂದಿಗೆ ಕಡ್ಡಿ ಸಿಕ್ಕಿಸಿಕೊಂಡು ಬೀಡಿ ಸೇದುವ ದೊಡ್ಡವರಾಗುತ್ತಿದ್ದೆವು. ಅವರೆಕಾಯಿ ಸುಲಿದು ಸೊಗಡು ಅಂಟಿದ ಕೈ, ಕಜ್ಜಾಯಕ್ಕೆ ನೆನೆಹಾಕಿದ ಅಕ್ಕಿಯ ವಾಸನೆ, ಬಿದಿರು ಕಡ್ಡಿಗೆ ಗಾಳಿಪಟದ ಕಾಗದ ಅಂಟಿಸಿ ಬಾಗಿಲಿಗೆ ಕಟ್ಟಿದ ನಕ್ಷತ್ರ, ಇಷ್ಟಾದರೆ ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ಹಬ್ಬ ಬಂದ ಹಾಗೆ. ಮೈದಾ ಅಂಟಿನ ಆ ಹುಳಿ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಆದರೆ ನಾನು ಹೇಳಹೊರಟ ವರ್ಷ ನಮ್ಮ ಮನೆಗೆ ಹಬ್ಬ ಬಂದದ್ದು ಹೆದರಿಕೆಯನ್ನು ಜೊತೆಗೆ ಕರೆದುಕೊಂಡು. ಹೆದರಿಸಿದವನು ಐದು ತುಂಬದ ಒಬ್ಬ ಹುಡುಗ.

ಅವನ ಹೆಸರು ಇನ್ನಾಸಿ, ಅಪ್ಪನ ತಂಗಿ ಆರೋಗ್ಯತ್ತೆಯ ಮಗ. ಗಂಡ ತೀರಿಕೊಂಡ ಮೇಲೆ ಅತ್ತೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದವಳು ನಮ್ಮಲ್ಲೇ ಉಳಿದಿದ್ದಳು. ಆಗ ನಾವಿದ್ದದ್ದು ಯಶವಂತಪುರದಲ್ಲಿ, ಗೂಡ್ಸ್ ರೈಲುಗಳು ನಿಲ್ಲುವ ಜಾಗದ ಎದುರಿಗೆ, ಒಂದು ಬಾಡಿಗೆ ಮನೆಯಲ್ಲಿ. ಜಗಲಿಯ ಮೇಲೆ ಕೂತರೆ ಕಣ್ಣಿನ ಉದ್ದಕ್ಕೂ ರೈಲು ಡಬ್ಬಿಗಳ ಸಾಲು. ಅತ್ತೆಗೆ ಹತ್ತಿದ ಕೆಮ್ಮು ಬಿಡಲಿಲ್ಲ. ಒಂದು ದಿನ ಸೆರಗಿನಲ್ಲಿ ರಕ್ತ ಕಂಡಿತು. ಅಪ್ಪ ಅವಳನ್ನು ಊರಿನ ಆ ತುದಿಯಲ್ಲಿದ್ದ ಕ್ಷಯದ ಆಸ್ಪತ್ರೆಗೆ ಸೇರಿಸಿ ಬಂದರು.

ಮಗು ಅಳಬಾರದಲ್ಲ! "ಅಮ್ಮ ಸಂತೆಗೆ ಹೋಗಿದ್ದಾಳೆ ಕಣೋ, ಸಂಜೆ ಬರ್ತಾಳೆ, ನಿಂಗೆ ಪೀಪಿ ತರ್ತಾಳೆ" ಎಂದು ಎಲ್ಲರೂ ಹೇಳಿದೆವು. ಇನ್ನಾಸಿ ಜಗಲಿಯ ಮೇಲೆ ಕೂತು ಕಾದ. ಸಂಜೆಯಾಯಿತು, ದೀಪ ಹಚ್ಚಿದ್ದಾಯಿತು, ಅಮ್ಮನೂ ಬರಲಿಲ್ಲ, ಪೀಪಿಯೂ ಬರಲಿಲ್ಲ. ಅವನು ಅಳಲಿಲ್ಲ. ಆದರೆ ಅಂದಿನಿಂದ ಯಾರ ಮಾತನ್ನೂ ನಂಬುವುದನ್ನು ಬಿಟ್ಟುಬಿಟ್ಟ. ಊಟಕ್ಕೆ ಬಾ ಎಂದರೆ ಮೊದಲು ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿ ನೋಡಿ ಬರುತ್ತಿದ್ದ. ಮಳೆ ಬರುತ್ತಿದೆ ಎಂದರೆ ಕೈ ಹೊರಗೆ ಚಾಚಿ ನೋಡುತ್ತಿದ್ದ. ಮೊದಮೊದಲು ನಾನು ನಕ್ಕೆ. ಆಮೇಲೆ ನಗು ಬರಲಿಲ್ಲ.

ಅತ್ತೆಯ ಕಾಯಿಲೆ ಏನೆಂದು ತಿಳಿದ ಕೂಡಲೇ ಮನೆ ಮಾಲೀಕರು ಮನೆ ಖಾಲಿ ಮಾಡಿ ಎಂದರು. ಆ ಕಾಯಿಲೆಯ ಹೆಸರನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಅದು' ಎನ್ನುತ್ತಿದ್ದರು, ಹೆಸರು ಹೇಳಿದರೂ ಅಂಟಿಕೊಳ್ಳುವ ಹಾಗೆ. ಅಪ್ಪನಿಗೆ ಹೆಬ್ಬಾಳದ ಹಸುಗಳ ಫಾರಮ್ಮಿನಲ್ಲಿ ಹುಲ್ಲಿನ ಉಗ್ರಾಣ ನೋಡಿಕೊಳ್ಳುವ ಕೆಲಸ. ದಿನಾ ಸೈಕಲ್ ತುಳಿದು ಹೋಗಿ ಬರುತ್ತಿದ್ದರು. ಫಾರಮ್ಮಿನ ಹತ್ತಿರವೇ ಕೆರೆ ಏರಿಯ ಕೆಳಗೆ ಒಂದು ಹೆಂಚಿನ ಮನೆ ಸಿಕ್ಕಿತು. ಎತ್ತಿನ ಗಾಡಿಗೆ ಸಾಮಾನು ಹೇರುವಾಗ ಅಜ್ಜಿ ಅಪ್ಪನನ್ನು ಹತ್ತಿರ ಕರೆದು ಹೇಳಿದಳು:

"ಮನೆ ಬಿಟ್ಟಿದ್ದು ಆರೋಗ್ಯಂಗೆ ಏಳ್ಬೇಡ ಕಣಪ್ಪಾ. ನನ್ನಿಂದ ಇವರ್ಗೆಲ್ಲಾ ಇಂಗಾಯ್ತಲ್ಲಾ ಅಂತ ಕೊರಗಿ ಕೊರಗಿ ಇರೋ ಜೀವಾನೂ ಕಳ್ಕೊಂಡ್ಬಿಡ್ತಾಳೆ. ವಾಸಿ ಆಗಿ ಬರ್ಲಿ, ಆಮೇಲೆ ನೋಡ್ಕಂಡ್ರಾಯ್ತು."

ಅಪ್ಪ ತಲೆಯಾಡಿಸಿದರು. ಗಾಡಿಯ ಮೇಲೆ, ಹಾಸಿಗೆ ಸುರುಳಿಯ ತುದಿಯಲ್ಲಿ, ಇನ್ನಾಸಿ ಬೆಲ್ಲದ ಉಂಡೆ ಚೀಪುತ್ತಾ ಕೂತಿದ್ದ. ಬಾಯಿಗೆ ಬೆಲ್ಲ ಕೊಟ್ಟರೆ ಮಕ್ಕಳ ಕಿವಿಯೂ ಮುಚ್ಚಿಕೊಳ್ಳುತ್ತದೆ ಎಂದು ದೊಡ್ಡವರು ಯಾಕೆ ತಿಳಿಯುತ್ತಾರೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹೊಸ ಮನೆಯಲ್ಲಿ ಹಬ್ಬಕ್ಕೆ ಗೋದಲಿ ಕಟ್ಟಿದೆವು. ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆ. ನಮ್ಮವರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಅದು ಇಲ್ಲದಿದ್ದರೆ ಹಬ್ಬವೇ ಇಲ್ಲ. ಸಿಮೆಂಟ್ ಚೀಲದ ಕಾಗದ ಮುದುರಿ ಬೆಟ್ಟ, ಒಡೆದ ಕನ್ನಡಿ ಚೂರಿನ ಕೆರೆ, ಡಬ್ಬಿ ಮುಚ್ಚಳಗಳಲ್ಲಿ ಮೊಳೆಸಿದ ರಾಗಿ ಪೈರಿನ ಹೊಲ. ದೇವಮಾತೆ, ಜೋಸೆಫಪ್ಪ, ಹಸು, ಕತ್ತೆ, ಕುರಿಗಳು, ಒಂಟೆಯ ಜೊತೆ ಮೂರು ರಾಯರು, ಎಂದರೆ ಮಗುವನ್ನು ನೋಡಲು ಬಂದ ಅರಸರು. ಇವರ ನಡುವೆ ಒಬ್ಬಳು ಕೊಡ ಹೊತ್ತ ಹೆಂಗಸು ಇದ್ದಳು. ಅವಳು ನಮ್ಮ ಶಾಸ್ತ್ರಕ್ಕೆ ಸೇರಿದವಳೇ ಅಲ್ಲ. ಯಶವಂತಪುರದ ಪಕ್ಕದ ಮನೆಯವರು ದಸರಾ ಬೊಂಬೆ ಎತ್ತಿಡುವಾಗ, ಕೈ ಮುರಿದಿದೆಯೆಂದು ನನಗೆ ಆಡಲು ಕೊಟ್ಟಿದ್ದು. ಬೆತ್ಲೆಹೇಮಿನಲ್ಲೂ ನೀರು ತರುವವರು ಬೇಕಲ್ಲ ಎಂದು ನಾನೇ ಅವಳನ್ನು ಸೇರಿಸಿಕೊಂಡಿದ್ದೆ.

ಬಾಲಯೇಸುವಿನ ಬೊಂಬೆಯನ್ನು ಹಬ್ಬದ ದಿನವೇ ಇಡಬೇಕು. ಅಲ್ಲಿಯತನಕ ತೊಟ್ಟಿಲು ಖಾಲಿ. ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಆ ದಿನ ಒಳ್ಳೆಯ ಕೆಲಸ ಮಾಡಿದ ಮಗು ಒಂದು ಹುಲ್ಲುಕಡ್ಡಿಯನ್ನು ಆ ತೊಟ್ಟಿಲಿಗೆ ಹಾಕಬೇಕು. ಬಾಲಯೇಸು ಬಂದು ಮಲಗುವಾಗ ಮೆತ್ತಗಿರಲಿ ಎಂದು. ಕಡ್ಡಿ ಹಾಕಿ, ಬಗ್ಗಿ, ತನಗೇನು ಬೇಕೆಂದು ಗುಟ್ಟಿನಲ್ಲಿ ಕೇಳಿಕೊಳ್ಳಬೇಕು. ಇದಕ್ಕೆ ಅಜ್ಜಿ ಒಂದು ಕಟ್ಟುಪಾಡು ಹಾಕಿದ್ದಳು: "ಕೇಳಿದ್ದನ್ನ ಯಾರ್ಗೂ ಏಳ್ಬಾರ್ದು. ಏಳಿದ್ರೆ ಸಿಕ್ಕಾಕಿಲ್ಲ." ನಾನು ಆ ಕಟ್ಟುಪಾಡನ್ನು ಒಂದು ವರ್ಷವೂ ಪಾಲಿಸಿದವಳಲ್ಲ. ಅಮ್ಮನ ಕಿವಿಗೆ ಬೀಳುವ ಹಾಗೆ "ರಿಬ್ಬನ್ನು, ಕೆಂಪು ರಿಬ್ಬನ್ನು" ಎಂದು ಜೋರಾಗಿಯೇ ಕೇಳುತ್ತಿದ್ದೆ. ಬಾಲಯೇಸು ಕೆಂಪು ರಿಬ್ಬನ್ನೇ ಕೊಡುತ್ತಿದ್ದ.

ಇನ್ನಾಸಿ ಹಾಗಲ್ಲ. ಮೊದಲ ಸಂಜೆ ಕಡ್ಡಿ ಹಾಕಿದ. ಖಾಲಿ ತೊಟ್ಟಿಲಿಗೆ ಬಾಯಿ ತಾಗುವಷ್ಟು ಬಗ್ಗಿ, ಎರಡು ಕೈಯಿಂದ ಮರೆ ಮಾಡಿಕೊಂಡು, ಬಹಳ ಹೊತ್ತು ಏನೋ ಪಿಸುಗುಟ್ಟಿದ. ಎದ್ದಾಗ ಅವನ ಮೂಗಿಗೆ ಹುಲ್ಲಿನ ಚೂರು ಅಂಟಿತ್ತು.

"ಏನ್ ಕೇಳ್ದೆ ಮಗಾ?" ಎಂದಳು ಅಮ್ಮ, ಏನೂ ಗೊತ್ತಿಲ್ಲದವಳ ಹಾಗೆ.

"ಹೇಳ್ಬಾರ್ದು ಅತ್ತೆ."

"ನನ್ನ ಕಿವೀಲಿ ಹೇಳು."

"ಅಜ್ಜಿ ಬೈತಾಳೆ. ಬಾಲಯೇಸೂ ಕೊಡಲ್ಲ."

ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡಳು. ತಾನೇ ಹಾಕಿದ ಬೀಗ, ಕೀಲಿ ತನ್ನ ಹತ್ತಿರವೂ ಇಲ್ಲ.

ಮರುದಿನ ಅಮ್ಮ ಅಪ್ಪನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ಅವ್ನು ಅವರಮ್ಮನ್ನೇ ಕೇಳಿದ್ರೆ ಏನ್ ಮಾಡೋದು?" ಅಪ್ಪ ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡುತ್ತಿದ್ದವರು ಕೈ ನಿಲ್ಲಿಸಿದರು. "ಅದನ್ನ ಕೇಳಿದ್ರೆ ನಮ್ ಕೈಲಿಲ್ಲ. ಆದ್ರೆ ಬೇರೆ ಏನಾದ್ರೂ ಆಗಿದ್ರೆ ಅದನ್ನ ತಂದು ಇಡ್ಲೇಬೇಕು ಕಣೇ. ಆ ಮಗೂಗೆ ನಾವ್ಯಾರೂ ನಂಬಿಕೆ ಉಳಿಸಿಲ್ಲ. ಇನ್ನು ಬಾಲಯೇಸುವೂ ಸುಳ್ಳು ಅನ್ನೋ ಹಾಗಾದ್ರೆ ಅವನಿಗೆ ಯಾರು ಉಳಿದ್ರು ಹೇಳು?" ಎಂದರು. ಅಪ್ಪ ದೇವರ ವಿಷಯ ಮಾತಾಡುವವರೇ ಅಲ್ಲ. ಅವರ ಬಾಯಲ್ಲೇ ಈ ಮಾತು ಬಂದಿತ್ತು. ಹಬ್ಬ ಹತ್ತಿರ ಬರುವುದನ್ನು ನಾನು ಆ ವರ್ಷ ಮೊದಲ ಸಲ ಬೇಡ ಅಂದುಕೊಂಡೆ.

ಪತ್ತೆ ಮಾಡುವ ಕೆಲಸಕ್ಕೆ ಇಡೀ ಮನೆ ಇಳಿಯಿತು. ಅಮ್ಮ ಅಭ್ಯಂಜನ ಮಾಡಿಸುವಾಗ, ಬಿಸಿನೀರಿನ ಸುಖಕ್ಕೆ ಬಾಯಿ ಸಡಿಲವಾಗಬಹುದೆಂದು, ಮೆಲ್ಲಗೆ ಮಾತು ತೆಗೆದಳು. ಅವನು ಕಣ್ಣಿಗೆ ಸೀಗೆಪುಡಿ ಹೋಯಿತೆಂದು ಕಿರುಚಿ ಪಾರಾದ. ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಅಪ್ಪ ಅವನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಪೇಟೆಗೆ ಹೋದರು. ಆಟದ ಸಾಮಾನಿನ ಅಂಗಡಿಯ ಮುಂದೆ ನಿಲ್ಲಿಸಿ ಕಣ್ಣು ಯಾವುದರ ಮೇಲೆ ಬೀಳುತ್ತದೆಂದು ನೋಡುವ ಉಪಾಯ. ತಗಡಿನ ಕಾರು, ರಬ್ಬರ್ ಚೆಂಡು, ತಲೆಯಾಡಿಸುವ ಬೊಂಬೆ, ಒಂದನ್ನೂ ಅವನು ನೋಡಲಿಲ್ಲವಂತೆ. ಅಂಗಡಿಗೆ ಬೆನ್ನು ಹಾಕಿ ಬಸ್ಸಿನಿಂದ ಇಳಿಯುವವರನ್ನೇ ನೋಡುತ್ತಾ ನಿಂತಿದ್ದನಂತೆ. "ಬಸ್ಸು ಬೇಕೇನೋ, ಆಟದ ಬಸ್ಸು?" ಎಂದು ಅಪ್ಪ ಆಸೆಯಿಂದ ಕೇಳಿದ್ದಕ್ಕೆ "ಈ ಬಸ್ಸು ಎಲ್ಲೆಲ್ಲಿ ನಿಲ್ಲತ್ತೆ ಮಾವ?" ಎಂದನಂತೆ. ಅಪ್ಪ ಸಪ್ಪೆ ಮುಖ ಮಾಡಿಕೊಂಡು ಬಂದರು, ಒಂದು ತಗಡಿನ ಬಸ್ಸನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು, ಇರಲಿ ಎಂದು.

ನಾನು ನನ್ನದೇ ಒಂದು ಆಟ ಕಟ್ಟಿದೆ. "ನಾನು ಹೆಸರು ಹೇಳ್ತಾ ಹೋಗ್ತೀನಿ. ನೀನು ಏನೂ ಹೇಳ್ಬೇಡ. ಸರಿಯಾದ್ದು ಬಂದಾಗ ತಲೆ ಮಾತ್ರ ಆಡ್ಸು. ತಲೆ ಆಡ್ಸಿದ್ರೆ ಹೇಳ್ದಂಗಲ್ಲ." ಅವನು ತಪ್ಪಿಯೂ ಅಲ್ಲಾಡಬಾರದೆಂದು ಎರಡು ಕೈಯಿಂದ ತಲೆಯನ್ನು ಬಿಗಿಯಾಗಿ ಹಿಡಿದುಕೊಂಡ. ಹಾಗೇ ಕೂತ. ನಾನು ಬುಗುರಿ, ಗೋಲಿ, ಬಲೂನು, ಬಿಸ್ಕತ್ತು ಎಂದು ನಾಲಗೆ ಒಣಗುವ ತನಕ ಹೇಳಿದೆ. ಕೊನೆಗೆ ಸಿಟ್ಟು ಬಂದು, "ಹೋಗೋ, ನಿಂಗೇನೂ ಸಿಗಲ್ಲ" ಎಂದುಬಿಟ್ಟೆ. ಅವನ ಮುಖ ಬೆಳ್ಳಗಾಯಿತು. ನನ್ನ ಯಾವ ಮಾತನ್ನೂ ನಂಬದವನು ಇದೊಂದನ್ನು ನಂಬಿದ ಹಾಗೆ ಕಂಡಿತು. ಆ ಸಂಜೆ ಅವನು ಒಂದರ ಬದಲು ಒಂದು ಹಿಡಿ ಹುಲ್ಲು ತಂದು ತೊಟ್ಟಿಲಿಗೆ ಹಾಕಿದ, ಅಜ್ಜಿಯ ಕಣ್ಣು ತಪ್ಪಿಸಿ.

ದಿನಗಳು ಹೋಗುತ್ತಿದ್ದವು. ಅಮ್ಮ ಕಜ್ಜಾಯದ ಪಾಕ ಇಳಿಸುವುದನ್ನು ಮರೆತು ಗಟ್ಟಿ ಮಾಡಿದಳು. ಅಷ್ಟರಲ್ಲಿ ನನಗೆ ಇನ್ನೊಂದು ತಲೆನೋವು ಶುರುವಾಗಿತ್ತು. ನಾನು ನೀಟಾಗಿ ಜೋಡಿಸಿದ ಗೋದಲಿಯನ್ನು ಯಾರೋ ಕೆಡಿಸುತ್ತಿದ್ದರು. ಬೆಟ್ಟದ ಆಚೆ, ಗೋದಲಿಯ ತೀರಾ ಅಂಚಿಗೆ, ಖಾಲಿ ಬೆಂಕಿಪೊಟ್ಟಣಗಳು ಸಾಲಾಗಿ ಬಂದು ನಿಂತವು. ನಾನು ತೆಗೆದು ಬಿಸಾಕಿದರೆ ಮರುದಿನ ಮತ್ತೆ ಅಲ್ಲೇ. ಅವುಗಳ ಮುಂದೆ ಒಂದು ಒಡೆದ ಹೆಂಚಿನ ಚೂರು. ಅದರ ಪಕ್ಕದಲ್ಲಿ ನನ್ನ ಕೊಡದ ಹೆಂಗಸು. ಕೊಟ್ಟಿಗೆಯ ಹತ್ತಿರ ಕೆರೆ ದಂಡೆಯಲ್ಲಿ ಇರಬೇಕಾದವಳನ್ನು ಒಯ್ದು ಅಷ್ಟು ದೂರ ಒಂಟಿಯಾಗಿ ನಿಲ್ಲಿಸಿದವನು ಇನ್ನಾಸಿ ಎಂದು ನನಗೆ ಗೊತ್ತಿತ್ತು. ಗದರಿದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹಬ್ಬಕ್ಕೆ ಇನ್ನೇನು ಒಂದೇ ಭಾನುವಾರ ಉಳಿದಿತ್ತು. ಶನಿವಾರ ಮಧ್ಯಾಹ್ನ ರಾಗಿ ಪೈರಿಗೆ ನೀರು ಚಿಮುಕಿಸಲು ಹೋದೆ. ಇನ್ನಾಸಿ ಗೋದಲಿಯ ಮುಂದೆ ಹೊಟ್ಟೆಯ ಮೇಲೆ ಮಲಗಿ, ಬೆಂಕಿಪೊಟ್ಟಣಗಳನ್ನು ಮೆಲ್ಲಗೆ ತಳ್ಳುತ್ತಾ ಬಾಯಲ್ಲಿ ಸದ್ದು ಮಾಡುತ್ತಿದ್ದ. ಡಬ್ಬಿಗೆ ಡಬ್ಬಿ ತಾಕುವಾಗಿನ ಸದ್ದು, ಆಮೇಲೆ ಉದ್ದದ ಒಂದು ಶಿಳ್ಳೆ. ಆ ಸದ್ದು ಕೇಳಿ ಬೆಳೆದವಳು ನಾನು. ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟೆ. ಬೆಂಕಿಪೊಟ್ಟಣಗಳು ಗೂಡ್ಸ್ ರೈಲಿನ ಡಬ್ಬಿಗಳು. ಅದರ ಎದುರಿನ ಹೆಂಚಿನ ಚೂರು ನಮ್ಮ ಹಳೆಯ ಮನೆ.

ಏನೂ ಕೇಳಬಾರದು ಎಂದು ಆ ಕ್ಷಣಕ್ಕೆ ನನಗೆ ಹೇಗೆ ಹೊಳೆಯಿತೋ. ಅವನ ಪಕ್ಕದಲ್ಲಿ ಕೂತು, ಕೊಡದ ಹೆಂಗಸನ್ನು ಎತ್ತಿಕೊಂಡು, ಬೆಟ್ಟ ಹತ್ತಿಸಿ, ಕನ್ನಡಿ ಕೆರೆಯ ದಂಡೆಯ ಮೇಲೆ ಟುಕುಟುಕು ನಡೆಸಿಕೊಂಡು ಕೊಟ್ಟಿಗೆಯ ಕಡೆಗೆ ತಂದೆ. ಅವನು ಚಂಗನೆ ಎದ್ದು ಬೊಂಬೆಯನ್ನು ಕಿತ್ತುಕೊಂಡ.

"ಅವಳು ಇಲ್ಲಿಗೆ ಬರಲ್ಲ! ಅವಳಿಗೆ ದಾರಿ ಗೊತ್ತಿಲ್ಲ!"

"ಯಾಕೆ ಗೊತ್ತಿಲ್ಲ?"

"ಯಾರೂ ಹೇಳಿಲ್ಲ. ಹೇಳ್ಬೇಡ ಅಂತ ಅಜ್ಜಿ ಅಂದ್ಳು. ಅವಳು ಅಲ್ಲಿಗೇ ಬರ್ತಾಳೆ. ಬಾಗಿಲು ತಟ್ತಾಳೆ. ಅಲ್ಲಿ ನಾನಿರಲ್ಲ." ಇಷ್ಟು ಹೇಳಿ, ತಾನು ಹೇಳಬಾರದ್ದೇನಾದರೂ ಹೇಳಿಬಿಟ್ಟೆನೇ ಎಂದು ಹೆದರಿ ಬಾಯಿ ಮುಚ್ಚಿಕೊಂಡ. "ನಾನು ಬೊಂಬೆ ಮಾತು ಹೇಳಿದ್ದು ಅಕ್ಕಾ. ಬಾಲಯೇಸು ಹತ್ರ ಕೇಳಿದ್ದಲ್ಲ."

"ಹೂಂ ಕಣೋ, ಬೊಂಬೆ ಮಾತೇ" ಎಂದೆ. ಕೊಡದ ಹೆಂಗಸನ್ನು ಅವನು ಮತ್ತೆ ಹೆಂಚಿನ ಚೂರಿನ ಪಕ್ಕದಲ್ಲಿ ನಿಲ್ಲಿಸಿದ. ಅವನು ಕೇಳಿದ್ದು ಅಮ್ಮ ಬೇಕೆಂದಲ್ಲ. ಅಮ್ಮ ಬಂದೇ ಬರುತ್ತಾಳೆಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಬಂದವಳಿಗೆ ತಾನು ಸಿಗಬೇಕು, ಅಷ್ಟೇ. ನಾನು ಹಿತ್ತಲಿಗೆ ಹೋಗಿ, ಯಾರಿಗೂ ಕಾಣದ ಹಾಗೆ ಒಲೆಕಟ್ಟಿಗೆಯ ರಾಶಿಯ ಹಿಂದೆ ಕೂತು ಅತ್ತುಬಿಟ್ಟೆ. ಆಮೇಲೆ ಫಾರಮ್ಮಿಗೆ ಓಡಿದೆ.

ಹುಲ್ಲಿನ ಮೆದೆಯ ನೆರಳಲ್ಲಿ ನಿಂತು ಅಪ್ಪ ನನ್ನ ಮಾತನ್ನೆಲ್ಲ ಕೇಳಿದರು. ಮನೆಗೆ ಬಂದವರೇ ಅಜ್ಜಿಗೆ ಹೇಳಿದರು: "ಅವ್ವಾ, ನಾಳೆ ಆಸ್ಪತ್ರೆಗೆ ಮಕ್ಕಳನ್ನ ಕರ್ಕೊಂಡ್ ಹೋಗ್ತೀನಿ. ಆರೋಗ್ಯಂಗೆ ಮನೆ ವಿಷಯ ಗೊತ್ತಾಗ್ಬೇಕು."

ಅಜ್ಜಿ ಜಪಸರ ಹಿಡಿದ ಕೈಯಿಂದಲೇ ಎದೆ ಬಡಿದುಕೊಂಡಳು. "ಬ್ಯಾಡ ಕಣೋ. ನನ್ ಮಗಳ್ನ ಸಾಯಿಸ್ಬೇಡ. ತನ್ನಿಂದ ಮನೆ ಓಯ್ತು ಅಂತ ಅವಳಿಗೆ ಗೊತ್ತಾದ್ರೆ ಔಷಧಿ ಎಲ್ಲಿ ನಾಟ್ತದೆ? ಮೇಲಾಗಿ ಆ ಮಗೂನ ಅಂಥಾ ಜಾಗಕ್ಕೆ..."

"ಅವಳು ವಾಸಿಯಾಗಿ ಬಂದು ಆ ಬಾಗಿಲು ತಟ್ಟಿ, ಬೇರೆ ಯಾರೋ ತೆಗೆದ್ರೆ, ಆಗ ಏನ್ ಮಾಡ್ತೀಯವ್ವಾ?"

ಅಜ್ಜಿ ಮತ್ತೆ ಜಪಸರ ಎಣಿಸತೊಡಗಿದಳು. ಅವಳಿಗೂ ಅಪ್ಪನಿಗೂ ಭಯ ಒಂದೇ, ದಾರಿ ಬೇರೆ. ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಅಪ್ಪನ ಪಟ್ಟಿನಿಂದ ಅತ್ತೆಗೆ ಏನಾದರೂ ಆಗಿಬಿಟ್ಟರೆ ಅದಕ್ಕೆ ಓಡಿಹೋಗಿ ಹೇಳಿದ ನಾನೇ ಕಾರಣವಾಗುತ್ತೇನಲ್ಲ ಎಂಬ ಭಯ ನನ್ನದು.

ಎರಡು ಬಸ್ಸು ಬದಲಿಸಿ ಹೋದೆವು. ಅಮ್ಮನನ್ನು ನೋಡಲು ಹೋಗುತ್ತಿದ್ದೇವೆ ಎಂದರೆ ಇನ್ನಾಸಿ ನಂಬಲಿಲ್ಲ. ಸುಮ್ಮನೆ ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡು ಕೂತ. ಗೇಟಿನಲ್ಲಿ ಕಾವಲುಗಾರ, ಖಾಕಿ ಕೋಟಿನ ವಯಸ್ಸಾದ ಮನುಷ್ಯ, ಮಕ್ಕಳನ್ನು ಕಂಡು ಕೈ ಅಡ್ಡ ಮಾಡಿದ. "ಮಕ್ಕಳನ್ನ ಒಳಗೆ ಬಿಡಂಗಿಲ್ಲ ಸ್ವಾಮಿ. ಏನ್ ನೀವು, ತಿಳಿದೋರು!" ಆಮೇಲೆ ಇನ್ನಾಸಿಯ ಮುಖ ನೋಡಿ, ದನಿ ತಗ್ಗಿಸಿ, "ಇಂದ್ಗಡೆ ಬೇಲಿ ಪಕ್ಕ ಓಗಿ. ಎಂಗಸರ ವಾರ್ಡಿನ ವರಾಂಡ ಕಾಣ್ತದೆ. ನಾನ್ ಏಳ್ದೆ ಅನ್ಬೇಡಿ" ಎಂದ.

ಬೇಲಿಯ ಆಚೆ ಒಂದಿಷ್ಟು ಬಯಲು, ಅದರಾಚೆ ಉದ್ದನೆಯ ವರಾಂಡ. ಬಿಸಿಲಿಗೆ ಸಾಲಾಗಿ ಹಾಕಿದ ಕಬ್ಬಿಣದ ಮಂಚಗಳು, ಕೆಂಪು ಕಂಬಳಿಗಳು, ಫಿನಾಯಿಲ್ ವಾಸನೆ. ಅಪ್ಪ ಒಳಗೆ ಹೋಗಿ ಅತ್ತೆಯನ್ನು ವರಾಂಡದ ಕಂಬದ ಹತ್ತಿರಕ್ಕೆ ಕರೆತಂದರು. ಅವಳ ಮೊಣಕಾಲಿನ ತನಕ ಇದ್ದ ಜಡೆ ಇರಲಿಲ್ಲ. ಕತ್ತು ಕೋಳಿಮರಿಯ ಕತ್ತಿನ ಹಾಗೆ ಸಣ್ಣಗಾಗಿತ್ತು. ಅವಳು ಕಂಬ ಹಿಡಿದುಕೊಂಡು ನಮ್ಮ ಕಡೆ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು.

ಇನ್ನಾಸಿ ಅಲುಗಲಿಲ್ಲ. ನಾನು ಅವನನ್ನು ಬೇಲಿಯ ಪಕ್ಕದ ಕಲ್ಲಿನ ಮೇಲೆ ಹತ್ತಿಸಿದೆ. ಅವನು ನನ್ನ ಲಂಗ ಹಿಡಿದು ಎಳೆದು ಪಿಸುಗುಟ್ಟಿದ: "ಅಕ್ಕಾ, ಇಲ್ಲಿ ಹೇಳಿದ್ರೂ ಬಾಲಯೇಸು ಕೊಡಲ್ವಾ?"

"ಬಾಲಯೇಸು ಹತ್ರ ಕೇಳಿದ್ದು ಹೇಳ್ಬೇಡ ಕಣೋ. ಅಮ್ಮಂಗೆ ದಾರಿ ಮಾತ್ರ ಹೇಳು."

ಅವನು ಅಷ್ಟು ಜೋರಾಗಿ ಕೂಗಬಲ್ಲ ಎಂದು ನನಗೆ ಗೊತ್ತಿರಲಿಲ್ಲ.

"ಅಮ್ಮಾ! ಆ ಮನೆಗೆ ಹೋಗ್ಬೇಡ! ನಾವು ಅಲ್ಲಿಲ್ಲ! ಅವ್ರು ಬಿಡಿಸ್ಬಿಟ್ರು!"

ಅತ್ತೆ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದರು. ಅವಳು ಮೆಲ್ಲಗೆ ಕಂಬಕ್ಕೆ ಒರಗಿ ಹಾಗೇ ಕುಸಿದು ಕೂತಳು. ಕೆಮ್ಮು ಬಂತು. ಬಿಡದೆ ಕೆಮ್ಮಿದಳು. ನಾನು ಕಣ್ಣು ಮುಚ್ಚಿಕೊಂಡೆ. ಅಜ್ಜಿ ಹೇಳಿದ್ದೇ ಆಯಿತು, ನಾವು ಅವಳನ್ನು ಕೊಂದೆವು ಎಂದೇ ಅಂದುಕೊಂಡೆ.

ಕೆಮ್ಮು ನಿಂತಿತು. ಅತ್ತೆಯ ದನಿ ಬಯಲು ದಾಟಿ ಬಂತು, ಸಣ್ಣಗೆ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ: "ಮತ್ತೆ... ಎಲ್ಲಿಗ್ ಬರ್ಲಿ ಮಗಾ? ದಾರಿ ಹೇಳು."

ಇನ್ನಾಸಿ ಬೇಲಿಯ ಕಂಬ ತಬ್ಬಿಕೊಂಡು ಕೂಗಿದ. "ಕೆರೆ ಹತ್ರ ಬಸ್ ಇಳೀಬೇಕು! ಏರಿ ಮೇಲೆ ನಡೀಬೇಕು! ಹೊಲ ಊಟ ಮಾಡೋ ಕೈ ಕಡೆ, ನೀರು ಇನ್ನೊಂದ್ ಕೈ ಕಡೆ!"

ಅತ್ತೆ ತನ್ನ ಬಲಗೈ ಎತ್ತಿ ತೋರಿಸಿದಳು. "ಹೊಲ ಈ ಕಡೆ. ಆಮೇಲೆ?"

"ಅರಳಿ ಮರ ಬರತ್ತೆ! ಅಲ್ಲಿ ಕೆಳಗೆ ಇಳಿ! ಓಡ್ಬೇಡ, ಜಾರತ್ತೆ! ತೂಬಿನ ಹತ್ರ ಕರೀ ನಾಯಿ ಇರತ್ತೆ, ಕಚ್ಚಲ್ಲ! ಕಲ್ಲು ಚಪ್ಪಡಿ ದಾಟಿದ್ರೆ ಹುಲ್ಲಿನ ವಾಸನೆ ಬರತ್ತೆ! ಅದೇ ನಮ್ಮನೆ!"

"ಅರಳಿ ಮರ. ತೂಬು. ಕರೀ ನಾಯಿ. ಚಪ್ಪಡಿ. ಹುಲ್ಲಿನ ವಾಸನೆ" ಎಂದಳು ಅತ್ತೆ. ಪಕ್ಕದ ಮಂಚಗಳಲ್ಲಿ ಮಲಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಕೂತಿದ್ದರು. ಅವರಲ್ಲೊಬ್ಬಳು, "ನಾಯಿ ನಿಜವಾಗ್ಲೂ ಕಚ್ಚಲ್ವೇನೋ?" ಎಂದು ಕೂಗಿ ಕೇಳಿದಳು. "ಕಚ್ಚಲ್ಲ!" ಎಂದು ಇನ್ನಾಸಿ ಗಂಭೀರವಾಗಿ ಉತ್ತರ ಕೊಟ್ಟ. ವರಾಂಡವೆಲ್ಲಾ ನಕ್ಕಿತು. ಅತ್ತೆಯೂ ನಕ್ಕಳು, ಕಣ್ಣೊರೆಸಿಕೊಳ್ಳುತ್ತಲೇ. ಹಿಂತಿರುಗುವ ದಾರಿಯಲ್ಲಿ, ಅತ್ತೆ ಏನು ಹೇಳಿದಳೆಂದು ಅಪ್ಪನನ್ನು ಕೇಳಿದೆ. ಅಪ್ಪ ಹೇಳಿದರು: "ಮೊದ್ಲೇ ಯಾಕ್ ಹೇಳ್ಲಿಲ್ಲ ಅಣ್ಣ, ನಾನು ದಿನಾ ಮಲ್ಗೋವಾಗ ಆ ಹಳೇ ಮನೇಲೇ ನಿಮ್ಮನ್ನೆಲ್ಲ ನೆನೆಸ್ಕೋತಿದ್ದೆ, ಅಂದ್ಲು." ಇನ್ನಾಸಿ ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದ.

ಹಬ್ಬದ ಬೆಳಿಗ್ಗೆ ಬಾಲಯೇಸುವನ್ನು ತೊಟ್ಟಿಲಲ್ಲಿ ಮಲಗಿಸಿದೆವು. ಇನ್ನಾಸಿ ಹಾಕಿದ ಹುಲ್ಲು ಎಷ್ಟಿತ್ತೆಂದರೆ ದೇವರ ಮಗ ಮುಳುಗಿಯೇ ಹೋದ. ತಗಡಿನ ಬಸ್ಸನ್ನು ಕೈಗೆ ಕೊಟ್ಟಾಗ ಇನ್ನಾಸಿ ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. ಅಂಚಿನಲ್ಲಿದ್ದ ಕೊಡದ ಹೆಂಗಸನ್ನು ಎತ್ತಿ, ಬೆಟ್ಟ ದಾಟಿಸಿ, ಕನ್ನಡಿ ಕೆರೆಯ ದಂಡೆಯ ಮೇಲೆ ನಿಲ್ಲಿಸಿ ಬಿಟ್ಟ.

"ಪೂರ್ತಿ ಕರ್ಕೊಂಡ್ ಬರ್ಬಾರ್ದೇನೋ?" ಎಂದಳು ಅಜ್ಜಿ. ಅವಳ ದನಿಯಲ್ಲಿ ಆಸೆಯಿತ್ತು.

"ಇನ್ನೂ ಔಷಧಿ ಮುಗಿದಿಲ್ಲ ಅಜ್ಜಿ" ಎಂದ.

ಅತ್ತೆಗಿಂತ ಮೊದಲು ಬಂದವರು ಬೇರೆಯವರು. ವಾಸಿಯಾಗಿ ಆಸ್ಪತ್ರೆ ಬಿಟ್ಟ ಹೆಂಗಸರಿಗೆ ನಮ್ಮ ಮನೆಯ ದಾರಿ ಬಾಯಿಪಾಠವಾಗಿತ್ತು. ಆಗೊಬ್ಬಳು ಈಗೊಬ್ಬಳು ಯಾರನ್ನೂ ಕೇಳದೆ ಸೀದಾ ಬಂದು, ಅತ್ತೆಯ ಸುದ್ದಿ ಹೇಳಿ, ಅಜ್ಜಿ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದಳು. 'ಅದು' ಬಂದಿದ್ದವರಿಗೆ ಬೇರೆ ಯಾವ ಮನೆಯಲ್ಲಿ ಕಾಫಿ ಸಿಗುತ್ತಿತ್ತೋ ನನಗೆ ಗೊತ್ತಿಲ್ಲ. ಏರಿಯ ಮೇಲೆ ಸೀರೆಯ ಬಣ್ಣ ಕಂಡಾಗಲೆಲ್ಲ ಇನ್ನಾಸಿ ಎದ್ದು ನಿಲ್ಲುವನು, ಹತ್ತಿರ ಬಂದ ಮೇಲೆ ಕೂರುವನು. ಆ ಏಳುವುದು ಕೂರುವುದನ್ನು ನೋಡಲಾರದೆ ಅಮ್ಮ ಒಳಗೆ ಹೋಗಿಬಿಡುತ್ತಿದ್ದಳು. ಮಳೆಗಾಲ ಹಿಡಿದು ಏರಿಯೆಲ್ಲ ಹಸಿರಾದ ಮೇಲೆ ಒಂದು ದಿನ ಒಬ್ಬಳು ಅರಳಿ ಮರದ ಹತ್ತಿರ ಇಳಿದಳು. ಓಡಲಿಲ್ಲ. ತೂಬಿನ ಹತ್ತಿರ ನಿಂತು ಕರೀ ನಾಯಿಯನ್ನು ಮಾತಾಡಿಸಿದಳು. ಚಪ್ಪಡಿ ದಾಟಿ, ಮುಖ ಎತ್ತಿ ಗಾಳಿ ಮೂಸಿದಳು. ಇನ್ನಾಸಿ ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ಮೆಲ್ಲಗೆ ಹತ್ತಿರ ಹೋಗಿ, ಪಾತ್ರೆಯ ಮುಚ್ಚಳ ಎತ್ತುವ ಹಾಗೆ ಅವಳ ತಲೆಯ ಮೇಲಿನ ಸೆರಗು ಸರಿಸಿ ನೋಡಿದ. ಆಮೇಲೆ ನಂಬಿದ.

ಅತ್ತೆ ಬಹಳ ಕಾಲ ಬದುಕಿದಳು. ಈಗ ಅವಳಿಲ್ಲ. ಅಜ್ಜಿ, ಅಪ್ಪ, ಅಮ್ಮ ಯಾರೂ ಇಲ್ಲ. ಇನ್ನಾಸಿಯ ತಲೆ ನೆರೆತಿದೆ, ಮೊಮ್ಮಕ್ಕಳು ಅವನ ಫೋನು ಕಿತ್ತುಕೊಂಡು ಆಡುತ್ತವೆ. ಮೊನ್ನೆ ಡಿಸೆಂಬರಿನಲ್ಲಿ ಅವನಿಗೆ ಇದ್ದಕ್ಕಿದ್ದಂತೆ ಆ ಮನೆಯ ಜಾಗ ನೋಡುವ ಮನಸ್ಸಾಯಿತು. ಕಾರಿನಲ್ಲಿ ಹೋದೆವು. ಏರಿ ರಸ್ತೆಯಾಗಿದೆ, ರಸ್ತೆಯ ಮೇಲೊಂದು ರಸ್ತೆ, ಅದರ ಮೇಲೆ ಮತ್ತೊಂದು. ಒಂದು ಸಲ ನೀರು ಎಡಗೈ ಕಡೆ ಕಂಡಿತು, ಸೇತುವೆ ಸುತ್ತಿದ ಮೇಲೆ ಬಲಗೈ ಕಡೆ, ಆಮೇಲೆ ಎಲ್ಲೂ ಇಲ್ಲ. ಅರಳಿ ಮರ ಇದ್ದದ್ದು ಯಾವ ಕಂಬದ ಬುಡದಲ್ಲೋ. ಕಿಟಕಿ ಇಳಿಸಿ ಮೂಸಿದೆವು, ಹೊಗೆಯ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಹಿಂದಿನವರು ಹಾರನ್ ಹೊಡೆಯುತ್ತಿದ್ದರು, ಎಲ್ಲೂ ನಿಲ್ಲುವ ಹಾಗಿರಲಿಲ್ಲ. ಬೇರೆ ಊರುಗಳಲ್ಲಿ ಮನೆ ಬಿದ್ದರೂ ಮನೆಯ ದಾರಿ ಉಳಿದಿರುತ್ತದೆ. ನಮಗೆ ಅದೂ ಉಳಿಯಲಿಲ್ಲವಲ್ಲ ಎಂದು ನನಗೆ ದುಃಖವಾಯಿತು.

ಇನ್ನಾಸಿ ಹೊರಗೇ ನೋಡುತ್ತಿದ್ದ. ನನ್ನ ಕಡೆ ತಿರುಗದೆಯೇ ಕೇಳಿದ:

"ಅಕ್ಕಾ, ಈಗ ಅಮ್ಮ ಬಂದ್ರೆ ಹೆಂಗ್ ಬರ್ತಾಳೆ?"

ಮನೆಗೆ ಬಂದು ಈ ಸಲದ ಗೋದಲಿ ಕಟ್ಟಲು ಕೂತೆ. ಕೊಡದ ಹೆಂಗಸು ಇನ್ನೂ ಇದ್ದಾಳೆ, ಈಗ ಅವಳ ಎರಡು ಕೈಯೂ ಮುರಿದಿದೆ. ಅವಳನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಸಂಜೆಯ ತನಕ ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.